ನನ್ನ ಮುಖದ ಮೇಲೆ ಕುಳಿತ ಜಿಪುಣ

ನಾನು ಒಂದು ಬಣ್ಣದ ಟಿವಿ. ಈಗಿನವರ ಹಾಗೆ ಗೋಡೆಗೆ ಅಂಟಿಕೊಳ್ಳುವ ಸಪೂರ ಜಾತಿಯಲ್ಲ. ಇಬ್ಬರು ಹಿಡಿದು ಎತ್ತಬೇಕಾದ, ಬೆನ್ನು ಉಬ್ಬಿದ, ತೂಕದ ಮನುಷ್ಯ ಅನ್ನಿ. ಬೆಂಗಳೂರಿನ ಹೊರಗಿದ್ದ ಒಂದು ಕಾರ್ಖಾನೆಯಲ್ಲಿ ಸಾಲಾಗಿ ಕುಳಿತ ಹೆಂಗಸರ ಕೈಯಿಂದ ಕೈಗೆ ದಾಟುತ್ತಾ ನಾನು ಹುಟ್ಟಿದೆ. ಕೊನೆಯಲ್ಲಿ ಕುಳಿತಿದ್ದಾಕೆ ನನ್ನನ್ನು ಹಚ್ಚಿ, ಮುಖ ನೋಡಿ, ಇದರ ಬಣ್ಣ ಚೆನ್ನಾಗಿ ಬಂದಿದೆ ಎಂದಳು. ಆ ಮಾತು ಸೀದಾ ನನ್ನ ತಲೆಗೇರಿತು. ಇಳಿಯಲು ಬಹಳ ವರ್ಷ ಬೇಕಾಯಿತು.

ನಮ್ಮ ಕುಲಕ್ಕೆ ಒಂದು ಶಾಪವಿದೆ. ನಮ್ಮ ಮುಖದ ಮೇಲೆ ಏನು ನಡೆಯುತ್ತದೋ ಅದು ನಮಗೆ ಕಾಣುವುದಿಲ್ಲ. ಮಾತು ಕೇಳಿಸುತ್ತದೆ, ಎದುರಿಗೆ ಕುಳಿತವರ ಮುಖ ಕಾಣುತ್ತದೆ, ಅಷ್ಟೇ. ಆದ್ದರಿಂದ ಜನ ಕಣ್ಣರಳಿಸಿ ನೋಡುವಾಗಲೆಲ್ಲ ಅವರು ನೋಡುತ್ತಿರುವುದು ನನ್ನನ್ನೇ ಎಂದು ನಾನು ಮೊದಮೊದಲು ನಂಬಿದ್ದೆ.

ಗುಳೇದಗುಡ್ಡದ ಕುಪ್ಪಸದ ಖಣದ ವ್ಯಾಪಾರಿಯೊಬ್ಬರು ತಮ್ಮ ಮಗಳು ಕಸ್ತೂರಿಯ ಮದುವೆಗೆ ನನ್ನನ್ನು ಕೊಂಡರು. ಹೀಗೆ ನಾನೂ ಅವಳೂ ಒಂದೇ ಟೆಂಪೋದಲ್ಲಿ ಗದಗಿಗೆ ಬಂದೆವು. ಅವಳು ಮುಂದೆ, ನಾನು ಹಿಂದೆ ಹಾಸಿಗೆ ಸುರುಳಿಗಳ ನಡುವೆ. ಮನೆ ತುಂಬಿಸಿಕೊಳ್ಳುವಾಗ ಆರತಿ ಅವಳಿಗೆ ಎತ್ತಿದರು, ಕುಂಕುಮದ ಬೊಟ್ಟು ನನಗೂ ಇಟ್ಟರು.

ಅವಳ ಗಂಡ ಚನ್ನವೀರ ಒಂದು ವಿಡಿಯೊ ಲೈಬ್ರರಿ ನಡೆಸುತ್ತಿದ್ದ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಗೋಡೆಗಳು ನೆಲದಿಂದ ಮೇಲಿನವರೆಗೂ ಕ್ಯಾಸೆಟ್ಟು. ಊರಿನವರು ಬಂದು ಬಾಡಿಗೆಗೆ ಒಯ್ಯುತ್ತಿದ್ದರು. ಹೊಡೆದಾಟ, ದೆವ್ವ, ದೇವರು, ಪ್ರೇಮ, ಕೊಲೆ, ಯಾವುದು ಬೇಕು ಹೇಳಿ. ನನಗೆ ಸಂತೋಷಕ್ಕೆ ಪಾರವಿರಲಿಲ್ಲ. ಇಷ್ಟೆಲ್ಲವನ್ನೂ ನನ್ನ ಮುಖದ ಮೇಲೆ ತೋರಿಸುತ್ತೇನೆ, ಈ ಮನೆ ನನ್ನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ ಎಂದುಕೊಂಡೆ.

ಮೊದಲ ಸಂಜೆಯೇ ಚನ್ನವೀರನ ತಾಯಿ ನೀಲವ್ವ ಕಪಾಟಿನಿಂದ ಲೇಬಲ್ಲು ಕಿತ್ತುಹೋದ ಒಂದು ಹಳೇ ಕ್ಯಾಸೆಟ್ಟು ತಂದು ವಿಸಿಆರಿಗೆ ತುರುಕಿದರು. ಅದರಲ್ಲಿದ್ದದ್ದು ‘ಮೇಲಿನ ಕೋಣೆ’ ಎಂಬ ಹಾಸ್ಯ ಧಾರಾವಾಹಿ, ಹಿಂದೆ ಎಂದೋ ಟಿವಿಯಲ್ಲಿ ಬಂದಾಗ ಹಿಡಿದಿಟ್ಟ ಕೆಲವು ಕಂತುಗಳು. ಒಬ್ಬ ಜಿಪುಣ ಮನೆ ಮಾಲೀಕ, ಅವನ ಹೆಂಡತಿ, ಮೇಲಿನ ಕೋಣೆಯ ಬಾಡಿಗೆದಾರ. ಮಾಲೀಕ ಕಾಫಿಪುಡಿ ಬಚ್ಚಿಡುತ್ತಾನೆ, ಬಾಡಿಗೆದಾರ ವಾಸನೆ ಹಿಡಿದು ಇಳಿದು ಬರುತ್ತಾನೆ, ಹೆಂಡತಿ ಅವನ ಕಡೆ ಸೇರುತ್ತಾಳೆ, ಕೊನೆಗೆ ಮೂವರೂ ಕಾಫಿ ಕುಡಿಯುತ್ತಾರೆ. ಇಷ್ಟೇ! ಇಷ್ಟಕ್ಕೆ ತಾಯಿ ಮಗ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗಲಿ, ಬೇಡ ಅನ್ನುವುದಿಲ್ಲ. ಆದರೆ ಮರುದಿನವೂ ಅದೇ. ಅದರ ಮರುದಿನವೂ ಅದೇ. ಸಂಜೆ ದೀಪ ಹಚ್ಚಿದರು ಅಂದರೆ ಆ ಜಿಪುಣ ಬಂದು ನನ್ನ ಮುಖದ ಮೇಲೆ ಕುಳಿತ ಎಂದೇ ಲೆಕ್ಕ. ಗೋಡೆ ತುಂಬ ಹೊಸ ಸಿನಿಮಾ ಇಟ್ಟುಕೊಂಡವರು ಈ ಹಳಸಲಿಗೆ ಬಾಯಿ ಬಿಡುವುದನ್ನು ಕಂಡು ನನ್ನ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಉರಿಯುತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಅವರು ಮಾತು ಬಂದ ಮೇಲೆ ನಗುತ್ತಿರಲಿಲ್ಲ, ಬರುವ ಮೊದಲೇ ನಗುತ್ತಿದ್ದರು. ಮಾಲೀಕ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀಲವ್ವ ಮಗನ ಕಡೆ ತಿರುಗುತ್ತಿದ್ದರು, ಮಗ ಅವ್ವನ ಕಡೆ ತಿರುಗುತ್ತಿದ್ದ. ಸರಿಯಾಗಿ ಆ ಹೊತ್ತಿಗೆ ನನ್ನನ್ನು ನೋಡುವವರು ಒಬ್ಬರೂ ಇಲ್ಲ.

ಒಮ್ಮೆ ಗಿರಾಕಿಯೊಬ್ಬ ನೀಲವ್ವನನ್ನು ಕೇಳಿಯೇಬಿಟ್ಟ, ಅದನ್ನೇ ಎಷ್ಟು ಸಲ ನೋಡುತ್ತೀರಿ, ಬೇಸರ ಬರುವುದಿಲ್ಲವೇ ಎಂದು. ಅವರು ಯೋಚಿಸಿ ಹೇಳಿದರು: ಕೊಲೆ ಸಿನಿಮಾದಲ್ಲಿ ಕೊಂದವನು ಯಾರೆಂದು ತಿಳಿದ ಮೇಲೆ ಮುಗಿಯಿತು, ಇದರಲ್ಲಿ ತಿಳಿಯಬೇಕಾದದ್ದೇ ಏನೂ ಇಲ್ಲ. ಒಂದು ದಿನ ಮಾಲೀಕನನ್ನು ನೋಡುತ್ತೇನೆ, ಒಂದು ದಿನ ಮೂಲೆಯಲ್ಲಿ ಸುಮ್ಮನೆ ಪಾತ್ರೆ ಒರೆಸುವ ಕೆಲಸದವಳನ್ನು ನೋಡುತ್ತೇನೆ, ಅವಳು ಎಂಥಾ ಮುಖ ಮಾಡುತ್ತಾಳೆ ಗೊತ್ತೇ? ಆಮೇಲೆ ದನಿ ತಗ್ಗಿಸಿ, “ಆ ಮನ್ಯಾಗಿನ ಮಂದಿ ನಾಳೆನೂ ಅಲ್ಲೇ ಇರ್ತಾರಪಾ. ಎಲ್ಲೂ ಹೋಗಂಗಿಲ್ಲ” ಎಂದರು. ನನಗೆ ಆ ಮಾತು ಆಗ ತಲೆಗೆ ಹತ್ತಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಕಿವಿ ಇದ್ದರೂ ಅಷ್ಟೇ.

ಈ ಸಂಕಟದಲ್ಲಿ ನನಗೆ ಒಬ್ಬಳೇ ಜೊತೆ. ಕಸ್ತೂರಿ.

ಅವಳು ಕೂಡುತ್ತಲೇ ಇರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೊಪ್ಪು ಸೋಸುತ್ತಾ ಒಂದು ಕಣ್ಣು ಇತ್ತ ಹಾಕಿರುತ್ತಿದ್ದಳು. ಅವಳಿಗೆ ನಗು ಬರುತ್ತಿರಲಿಲ್ಲ ಅಂತಲ್ಲ, ಆದರೆ ಅವಳು ನಗುವಷ್ಟರಲ್ಲಿ ಇವರಿಬ್ಬರದು ಮುಗಿದಿರುತ್ತಿತ್ತು. ಊಟಕ್ಕೆ ಕೂತರೂ ಆ ಧಾರಾವಾಹಿಯ ಮಾತೇ. ಅದರಲ್ಲಿ ಏನೇ ಕೆಟ್ಟ ಸುದ್ದಿ ಬರಲಿ, ಮಾಲೀಕ ತನ್ನ ಬೆಂಗಳೂರು ಕನ್ನಡದಲ್ಲಿ “ಮೊದಲು ಕೂತ್ಕೊಳ್ಳಿ, ಆಮೇಲೆ ಗಾಬರಿಯಾಗಿ” ಅನ್ನುತ್ತಿದ್ದ. ಒಮ್ಮೆ ಕಸ್ತೂರಿ ಬೇಳೆ ಹೊತ್ತಿಸಿ ಕಣ್ಣಲ್ಲಿ ನೀರು ತಂದುಕೊಂಡು ನಿಂತಾಗ ತಾಯಿ ಮಗ ಒಟ್ಟಿಗೆ ಇದನ್ನೇ ಅಂದು ನಕ್ಕರು. ಸಮಾಧಾನಕ್ಕೆ ಅಂದದ್ದು. ಅವಳಿಗೆ ಅದು ಚುಚ್ಚಿತು. ತನಗೆ ಬಾರದ ಭಾಷೆಯೊಂದನ್ನು ಈ ಮನೆಯವರು ಆಡುತ್ತಾರೆ ಎಂದು ಅವಳು ಒಬ್ಬಳೇ ನನ್ನನ್ನು ಒರೆಸುವಾಗ ಗೊಣಗುತ್ತಿದ್ದಳು. ಮೆತ್ತಗಿನ ಬಟ್ಟೆಯಿಂದ ಒರೆಸುತ್ತಿದ್ದಳು. ನಾವಿಬ್ಬರೂ ಒಂದೇ ತವರಿನವರು.

ಒಂದು ಸಂಜೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಗಂಡನ ಪಕ್ಕ ನಿಂತಳು. ಮುಖ ಕೆಂಪಾಗಿತ್ತು. ಮಧ್ಯಾಹ್ನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಿದ್ದಳು. ಅಲ್ಲಿ ಏನು ಹೇಳಿದರೆಂಬುದನ್ನು ಆಗಲೇ ನನ್ನೆದುರು ಪಿಸುಗುಟ್ಟಿ ಆಗಿತ್ತು, ನನಗಂತೂ ಗೊತ್ತು. ಅವಳು “ರೀ, ಒಂದ ಮಾತ ಹೇಳ್ಬೇಕಿತ್ತು” ಎಂದಳು. ಚನ್ನವೀರ ಅವಳ ಕಡೆ ನೋಡದೆ ಕೈ ಮೇಲೆತ್ತಿದ.

“ತಡಿ, ಈ ಮಾತೊಂದು ಬರ್ಲಿ.”

ಸಾವಿರ ಸಲ ಕೇಳಿದ ಮಾತು ಅದು. ಮಾತು ಬಂತು, ತಾಯಿ ಮಗ ನಕ್ಕರು, ನಗು ಮುಗಿದ ಮೇಲೆ ಅವನು ತಿರುಗಿ ಏನು ಎಂದು ಕೇಳಿದ. ಅಕ್ಕಿ ಆಗಿಹೋಗಿದೆ, ತರಬೇಕು ಎಂದು ಹೇಳಿ ಅವಳು ಒಳಗೆ ಹೋದಳು.

ಮರುದಿನ ತಾಯಿ ಮಗ ಲಕ್ಷ್ಮೇಶ್ವರಕ್ಕೆ ನೆಂಟರ ಮದುವೆಗೆ ಹೊರಟರು. ಕಸ್ತೂರಿ ಅಂಗಡಿ ನೋಡಿಕೊಳ್ಳಲು ಉಳಿದಳು. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಆದರೆ ಮುರಿದ ಕಿಂಡಿಗೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ಆಗುತ್ತದೆ. ವಿಡಿಯೊ ಅಂಗಡಿಯ ಸೊಸೆಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಆ ಕ್ಯಾಸೆಟ್ಟಿನ ಕಿಂಡಿಗೆ ಅಂಟುಪಟ್ಟಿ ಹಚ್ಚಿದಳು, ಒಳಗೆ ಹಾಕಿದಳು, ರೆಕಾರ್ಡ್ ಗುಂಡಿ ಒತ್ತಿದಳು. ಆ ಹೊತ್ತಿಗೆ ನನ್ನಲ್ಲಿ ಎರೆಹುಳು ಗೊಬ್ಬರದ ಬಗ್ಗೆ ಅಧಿಕಾರಿಯೊಬ್ಬರು ಮಾತಾಡುತ್ತಿದ್ದರು. ಎಷ್ಟು ಚೆಂದ ಮಾತಾಡಿದರು ಅಂತೀರಿ! ಒಂದೊಂದು ಹುಳುವಿಗೂ ನಾನು ಮನಸಾರೆ ಬಣ್ಣ ತುಂಬಿದೆ. ಅದಾದ ಮೇಲೆ ಬಂದದ್ದೆಲ್ಲವೂ ಅದರ ಮೇಲೆಯೇ ಬಿತ್ತು. ಜಿಪುಣ ನಿರ್ನಾಮವಾದ.

ಮರಳಿ ಬಂದ ಸಂಜೆ ನೀಲವ್ವ ಕ್ಯಾಸೆಟ್ಟು ಹಾಕಿದರು. ಎರೆಹುಳು ಬಂತು. ಮುಂದಕ್ಕೆ ಓಡಿಸಿದರು, ಹಿಂದಕ್ಕೆ ಓಡಿಸಿದರು. ಚನ್ನವೀರನ ಮುಖ ಬಿಳಿಚಿತು. ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ತಾನೇ ಏನೋ ಎಡವಟ್ಟು ಮಾಡಿರಬೇಕು ಎಂದು ತಲೆ ಚಚ್ಚಿಕೊಂಡ. “ಅಪ್ಪ ಹಿಡಿದಿಟ್ಟಿದ್ದ ಅದು. ಅಪ್ಪನ್ನ ಕಳಕೊಂಡಂಗಾತು” ಎಂದ.

ಬಾಗಿಲಲ್ಲಿ ನಿಂತಿದ್ದ ಕಸ್ತೂರಿಯ ಕೈಯಿಂದ ಸೊಪ್ಪಿನ ಬುಟ್ಟಿ ಜಾರಿತು. ಅವಳಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವಳ ತೀರಿಹೋದ ಮಾವ ಹಾಸಿಗೆ ಹಿಡಿದಿದ್ದ ಕೊನೆಯ ವರ್ಷ ಅದನ್ನು ರೆಕಾರ್ಡ್ ಮಾಡುತ್ತಾ ಕೂತಿದ್ದರಂತೆ. ಜಾಹೀರಾತು ಬಂದಾಗ ನಿಲ್ಲಿಸುವುದು, ಮುಗಿದಾಗ ಮತ್ತೆ ಶುರು ಮಾಡುವುದು. ಒಂದು ಕಡೆ ಅವರ ಬೆರಳು ಅವಸರ ಮಾಡಿ, ಸಾಬೂನಿನ ಜಾಹೀರಾತಿನ ಹೆಂಗಸೊಬ್ಬಳು ಕಣ್ಣು ಮಿಟುಕಿಸುವಷ್ಟು ಹೊತ್ತು ಕಥೆಯ ನಡುವೆ ಬಂದು ಹಲ್ಲುಕಿರಿದು ಹೋಗುತ್ತಿದ್ದಳಂತೆ. ಆ ಜಾಗಕ್ಕೇ ಈ ಮನೆಯವರು ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದದ್ದು. ನೀಲವ್ವ “ಬಂದ್ಲು ನೋಡು ನಿಮ್ಮಪ್ಪನ ಸಬಕಾರದಾಕಿ” ಎನ್ನುತ್ತಿದ್ದರು. ಆ ಮಾತಿನ ಅರ್ಥ ನಮಗಿಬ್ಬರಿಗೂ ಹತ್ತಿದ್ದು ಆವತ್ತೇ.

ನೀಲವ್ವ ಕ್ಯಾಸೆಟ್ಟನ್ನು ಹೊರಗೆ ತೆಗೆದರು. ತಿರುಗಿಸಿ ನೋಡಿದರು. ಕಿಂಡಿಯ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ಕಿತ್ತು, ಉಂಡೆ ಮಾಡಿ, ಕಿಟಕಿಯಿಂದಾಚೆ ಎಸೆದರು. ಮಗ ತಲೆ ತಗ್ಗಿಸಿ ಕುಳಿತಿದ್ದ, ಅವನಿಗೆ ಕಾಣಲಿಲ್ಲ. ಕಸ್ತೂರಿಗೆ ಕಂಡಿತು. ಇನ್ನು ತನಗೆ ಗುಳೇದಗುಡ್ಡವೇ ಗತಿ ಎಂಬುದು ಅವಳ ಮುಖದಲ್ಲಿ ಬರೆದಿತ್ತು. ನಾನಂತೂ ಒಳಗೊಳಗೇ ಹಿಗ್ಗುತ್ತಿದ್ದೆ. ಬೈಯಲಿ, ಅಳಲಿ, ಹೇಗಿದ್ದರೂ ನಾಳೆಯಿಂದ ಈ ಮನೆಯವರು ನೋಡಬೇಕಾದದ್ದು ನನ್ನನ್ನೇ.

ನೀಲವ್ವ ನನ್ನ ಗುಂಡಿ ಒತ್ತಿ ನನ್ನನ್ನು ಆರಿಸಿದರು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಕತ್ತಲಾದ ನನ್ನ ಮುಖ ನೋಡುತ್ತಾ, ಕಾಫಿಪುಡಿಯ ಕಂತನ್ನು ಮೊದಲಿನಿಂದ ಹೇಳತೊಡಗಿದರು. ಮಾಲೀಕನ ಮಾತು, ಹೆಂಡತಿಯ ಮಾತು, ಬಾಡಿಗೆದಾರ ಮೆಟ್ಟಿಲಿಳಿಯುವ ಸಪ್ಪಳ, ಎಲ್ಲವನ್ನೂ ತಮ್ಮ ಗದಗಿನ ಮಾತಿನಲ್ಲಿ. “ಮೊದಲ ಕುಂದರ್ರಿ, ಆಮ್ಯಾಲ ಗಾಬರಿ ಆಗ್ರಿ.” ಚನ್ನವೀರ ಒಲ್ಲದ ಮನಸ್ಸಿನಿಂದ ಬಾಡಿಗೆದಾರನಾದ. ಸ್ವಲ್ಪ ಹೊತ್ತಿಗೆ ಮನಸ್ಸಿಟ್ಟೇ ಆದ. ಹಾಗೇ ಸಾಗಿ ಒಂದು ಕಡೆ ನೀಲವ್ವ ಗಕ್ಕನೆ ನಿಂತರು.

“ಮುಂದ ಏನಿತ್ತಪಾ? ನೆನಪ ಹಾರೇತಿ.”

ಮಾಲೀಕ ಡಬ್ಬಿ ತೆಗೆಯುತ್ತಾನೆ ಎಂದು ಮಗ ಹೇಳಿದ. ಅದಲ್ಲ, ಅದಕ್ಕಿಂತ ಮೊದಲು ಏನೋ ಇತ್ತು ಎಂದು ಅವರು ಹಟ ಹಿಡಿದರು. ಅದನ್ನು ಅವರು ಮರೆಯುವುದೆಂದರೇನು? ಇಷ್ಟು ದಿನದಲ್ಲಿ ಒಮ್ಮೆಯೂ ಅಲ್ಲಿ ತಪ್ಪಿದವರಲ್ಲ. ಅವರ ಕಣ್ಣು ಮಗನ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ಅಡಿಗೆಮನೆಯ ಬಾಗಿಲ ಮೇಲಿತ್ತು. ಸುಮ್ಮನೆ ಕಾದರು.

ಬಾಗಿಲ ಪಕ್ಕದಿಂದ ಕಸ್ತೂರಿಯ ತಲೆ ಹೊರಬಂತು. ಕೆನ್ನೆಯ ಹತ್ತಿರ ಪಾತ್ರೆ ತಿಕ್ಕುವ ಸಾಬೂನಿನ ತುಂಡು. ಕುತ್ತಿಗೆ ಓರೆ ಮಾಡಿ, ಹಲ್ಲೆಲ್ಲ ಕಾಣುವಂತೆ ನಕ್ಕು, ಅಷ್ಟೇ ಬೇಗ ಒಳಗೆ ಮಾಯವಾದಳು.

ಅಷ್ಟು ದಿನ ನನ್ನ ಮುಖದ ಮೇಲೆ ಬಂದು ಹೋಗುತ್ತಿದ್ದ ಆ ಹೆಂಗಸು ಹೇಗಿದ್ದಾಳೆ ಎಂದು ನಾನು ಕಂಡದ್ದು ಆವತ್ತೇ.

ನೀಲವ್ವ ನಕ್ಕ ನಗೆಗೆ ಅಂಗಡಿಯಲ್ಲಿದ್ದ ಗಿರಾಕಿ ಒಳಗೆ ಇಣುಕಿ ನೋಡಿದ. ಚನ್ನವೀರ ನಗುತ್ತಾ ಕಣ್ಣೊರೆಸಿಕೊಂಡ. ಒಳಗೆ ಕಸ್ತೂರಿ ಅಳುತ್ತಿದ್ದಳು. ನೀಲವ್ವ ಅವಳ ಕೈ ಹಿಡಿದು ಹೊರಗೆ ಕರೆತಂದು, “ಬಾ, ಕುಂದರು. ನಿಂತ ನೋಡೂದು ಸಾಕಿನ್ನ” ಎಂದು ನಡುವೆ ಕೂರಿಸಿಕೊಂಡರು. ಅವಳು ಕೂತು ಕ್ಯಾಸೆಟ್ಟಿನ ಮಾತು ತೆಗೆಯಲು ಬಾಯಿ ತೆರೆದಳು. ಅತ್ತೆ ಅವಳ ಮೊಣಕಾಲು ಒತ್ತಿ, ಅದನ್ನು ಬಿಟ್ಟು ಬೇರೆ ಏನಾದರೂ ಇದ್ದರೆ ಹೇಳು ಎಂದರು. ಬೇರೆ ಇತ್ತು. ಹೇಳಿದಳು. ಚನ್ನವೀರ ದಡಕ್ಕನೆ ಎದ್ದು, ಚಪ್ಪಲಿ ಹುಡುಕಿ, ಎಲ್ಲಿಗೆ ಹೊರಟೆನೆಂದು ತನಗೇ ತಿಳಿಯದೆ ನಿಂತ.

“ಮೊದಲ ಕುಂದರ್ರಿ” ಎಂದಳು ಕಸ್ತೂರಿ. “ಆಮ್ಯಾಲ ಗಾಬರಿ ಆಗ್ರಿ.”

ಆ ಮೇಲೆ ಮನೆಯಲ್ಲಿ ‘ಮೇಲಿನ ಕೋಣೆ’ಗೆ ನನ್ನ ಹಂಗೇ ಇರಲಿಲ್ಲ. ಸೊಪ್ಪು ಸೋಸುತ್ತಾ, ಕೂಸಿಗೆ ಎಣ್ಣೆ ಹಚ್ಚುತ್ತಾ ಮೂವರೂ ಅದನ್ನೇ ಆಡಿದರು. ನಾನು ಹೊಸ ಹೊಸದನ್ನು ತೋರಿಸಿದೆ, ಅವರು ನೋಡಿದರು, ಮರೆತರು. ಹೊಟ್ಟೆಕಿಚ್ಚು ಈಗ ಕ್ಯಾಸೆಟ್ಟಿನ ಮೇಲಿಂದ ಕಸ್ತೂರಿಯ ಮೇಲೆ ತಿರುಗಿತು. ಒಂದೇ ಟೆಂಪೋದಲ್ಲಿ ಬಂದವರಲ್ಲವೇ ನಾವು? ಅವಳು ಮನೆಯವಳಾದಳು, ನಾನು ಸಾಮಾನಾಗಿ ಉಳಿದೆ. ಒರೆಸುವ ಬಟ್ಟೆಯೂ ಒರಟಾಯಿತು.

ಕಾಲ ಕಳೆದು ಕೇಬಲ್ ಬಂತು, ವಿಡಿಯೊ ಲೈಬ್ರರಿ ಮುಚ್ಚಿತು, ಆ ಜಾಗದಲ್ಲಿ ಕಸ್ತೂರಿ ಖಣದ ಅಂಗಡಿ ತೆರೆದಳು. ನನ್ನನ್ನು ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯವನಿಗೆ ಕೊಟ್ಟರು. ಅಲ್ಲಿ ಜನ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು, ಪಕ್ಕದವನ ಕಡೆ ತಿರುಗುತ್ತಿರಲಿಲ್ಲ. ನಾನು ಬಯಸಿದ್ದು ಇದನ್ನೇ. ಬಸ್ಸು ಬಂದಾಗ ಎದ್ದು ಹೋಗುತ್ತಿದ್ದರು.

ಈಗ ಒಂದು ರಿಪೇರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಪಿಕ್ಚರ್ ಟ್ಯೂಬು ಸತ್ತಿದೆ, ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದಾರೆ. ಎದುರು ಗೋಡೆಗೆ ಒಂದು ಸಪೂರ ಟಿವಿ ತೂಗುತ್ತದೆ. ಮಧ್ಯಾಹ್ನ ಅದರಲ್ಲಿ ಹಳೆಯ ಧಾರಾವಾಹಿಗಳನ್ನು ಮತ್ತೆ ಹಾಕುತ್ತಾರೆ. ಮೊನ್ನೆ ‘ಮೇಲಿನ ಕೋಣೆ’ ಬಂತು. ಆ ಜಿಪುಣನನ್ನು ಮೊದಲ ಬಾರಿಗೆ ಕಣ್ಣಾರೆ ಕಂಡೆ. ಹರಿದ ಬನಿಯನ್ನಿನ ಒಬ್ಬ ಬಡಕಲು ಮನುಷ್ಯ. ಹಿಂದಿನ ಗೋಡೆ ಅವನು ಕೆಮ್ಮಿದರೆ ಅಲ್ಲಾಡುತ್ತದೆ. ಇವನ ಮೇಲೆಯೇ ನಾನು ಅಷ್ಟು ವರ್ಷ ಉರಿದದ್ದು! ನನಗೆ ನಗು ಬರಲಿಲ್ಲ.

ಮರುದಿನ ಮತ್ತೆ ಅದೇ ಕಂತು ಬಂತು. ಅವನು ಗಂಟಲು ಸರಿಮಾಡಿಕೊಂಡ. ಮಾತು ಬರುವ ಮೊದಲೇ ನನ್ನೊಳಗೆ ಎಲ್ಲೋ ನೀಲವ್ವ ಅದನ್ನು ಆಡಿ ಮುಗಿಸಿದ್ದರು, ಮಗನ ಕಡೆ ತಿರುಗಿಯೂ ಆಗಿತ್ತು. ಆಗ ನನಗೆ ತಡೆಯಲಾರದಷ್ಟು ನಗು ಬಂತು. ನಾನೂ ತಿರುಗಿದೆ, ಅಂದರೆ ತಿರುಗಬೇಕೆನ್ನಿಸಿತು. ಪಕ್ಕದಲ್ಲಿ ಒಂದು ಕೆಟ್ಟ ಮಿಕ್ಸಿ ಇತ್ತು.

ಜಿಪುಣನ ಮೇಲಿನ ಸಿಟ್ಟು ಅಲ್ಲಿಗೆ ಹೋಯಿತು. ಕಸ್ತೂರಿಯ ಮೇಲಿನದು ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ. ಅವಳಿಗಾಗಿ ಒಬ್ಬರು ಬೇಕೆಂದೇ ಮರೆತರು. ನನಗಾಗಿ ಯಾರೂ ಏನನ್ನೂ ಮರೆಯಲಿಲ್ಲ, ನನ್ನನ್ನು ಮರೆತರು.