ಮಾದರಿಗೆಂದು ಬರೆದ ಸಂದೇಶ

ಅವನನ್ನು ಬಲ್ಲವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದವನೇನಲ್ಲ. ಪ್ರೋಗ್ರಾಮರುಗಳು ತಮ್ಮ ಆ್ಯಪ್‌ನಿಂದ ಜನರ ಮೊಬೈಲಿಗೆ ಸಂದೇಶ ಕಳಿಸಲು ಬೇಕಾಗುವ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಪುಕ್ಕಟೆ ಬಿಟ್ಟಿದ್ದ. ಅಂಥವು ಬೇಕಾದಷ್ಟಿವೆ; ಇವನದಕ್ಕೆ ಹೆಸರು ಬಂದದ್ದು ಅದರ ಕೈಪಿಡಿಯಿಂದ. ಎಂಥ ದಡ್ಡನ ತಲೆಗೂ ಹತ್ತುವಂತೆ ಬಿಡಿಸಿ ಬಿಡಿಸಿ ಬರೆದಿದ್ದ. ಆ ಬಗ್ಗೆ ಜಂಬವೂ ಕಮ್ಮಿಯಿರಲಿಲ್ಲ.

ಮೊದಲ ಪುಟದಲ್ಲೇ ಒಂದು ಮಾದರಿ. ಕನ್ನಡ ಅಕ್ಷರವೂ ಕೆಡದೆ ಹೋಗುತ್ತದೆಂದು ತೋರಿಸಲು, ತನ್ನ ಅಕ್ಕನನ್ನು ನೆನೆದು, ‘ಅಕ್ಕಾ, ನಾನು ಚೆನ್ನಾಗಿದ್ದೀನಿ. ಬೇಗ ಬರ್ತೀನಿ’ ಎಂದು ಬರೆದ. ಫೋನ್ ನಂಬರಿನ ಜಾಗದಲ್ಲಿ ಬೆರಳು ಹೋದ ಕಡೆ ಒತ್ತಿ ಏನೋ ಅಂಕಿ ತುಂಬಿದ. ಮಾದರಿಯನ್ನು ಯಾರು ಓದುತ್ತಾರೆ? ಹಾಗೇ ಎತ್ತಿ ತಮ್ಮ ಪ್ರೋಗ್ರಾಮಿಗೆ ಹಾಕಿ, ಓಡುತ್ತದೋ ಇಲ್ಲವೋ ನೋಡುತ್ತಾರೆ, ಅಷ್ಟೇ. ನಂಬರು ಬದಲಿಸುವಷ್ಟು ವ್ಯವಧಾನ ಬಹಳ ಪುಣ್ಯಾತ್ಮರಿಗೆ ಇರಲಿಲ್ಲ; ಓಡಿಸಿ ನೋಡಿದಾಗಲೆಲ್ಲ ಸಂದೇಶ ಆ ನಂಬರಿಗೇ ಹೋಗುತ್ತಿತ್ತು.

ಆ ನಂಬರು ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನದಾಗಿತ್ತು.

ಅದು ಗೊತ್ತಾದದ್ದು, ಆಕೆಯ ಮಗಳು ಆ ವಾಕ್ಯವನ್ನೇ ಇಂಟರ್ನೆಟ್ಟಿನಲ್ಲಿ ಹುಡುಕಿಕೊಂಡು ಬಂದು ಲೈಬ್ರರಿಯ ಪುಟದಲ್ಲಿ ದೂರು ಬರೆದಾಗ. ಅವನು ಅವಸರದಲ್ಲಿ ನಂಬರು ಅಳಿಸಿ, ‘ಸಣ್ಣ ತಿದ್ದುಪಡಿ’ ಎಂದು ಟಿಪ್ಪಣಿ ಹಾಕಿ ದೂರನ್ನು ಮುಚ್ಚಿಬಿಟ್ಟ. ಸಣ್ಣದಂತೆ! ಮಗಳು ಬಿಡಲಿಲ್ಲ, ಮೇಲ್ ಮಾಡಿದಳು. ‘ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ಅವಳ ಹತ್ರ ಜಗಳ ಆಡಿ ಮನೆ ಬಿಟ್ಟು ಹೋದವರು. ಎಲ್ಲಿದ್ದಾರೋ ಗೊತ್ತಿಲ್ಲ. ಈ ಮೆಸೇಜು ಅವರೇ ಕಳಿಸೋದು ಅಂತ ಅಮ್ಮ ನಂಬಿದಾಳೆ. ನಾನು ಹೇಳಿದ್ರೆ ಕೇಳಲ್ಲ, ನೀವೇ ಬಂದು ಹೇಳಿ.’

ಅವನು ಅದನ್ನು ಹೆಂಡತಿಗೆ ತೋರಿಸಿದ. “ಹೇಳದೇ ಸುಮ್ನೆ ಇದ್ದುಬಿಟ್ರೆ ಹೇಗೆ? ಪಾಪ, ಏನೋ ಆಸೆ ಇಟ್ಕೊಂಡಿದಾರೆ.”

“ಆಸೆ ಅವರದು, ಸುಳ್ಳು ನಿಮ್ಮದು. ಜಾರಿಕೊಳ್ಳೋಕೆ ನೋಡಬೇಡಿ, ಹೋಗಿ” ಎಂದಳು.

ಆ ಹೆಂಗಸಿನ ಹೊಲಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆ ತುಂಬ ತೋಳಿಲ್ಲದ, ಕಾಲರಿಲ್ಲದ ಅಂಗಿಗಳು. ಮೇಷ್ಟ್ರು ತಡವರಿಸುತ್ತ ಎಲ್ಲ ಹೇಳಿ ಮುಗಿಸುವವರೆಗೆ ಆಕೆ ಹೊಲಿಗೆ ನಿಲ್ಲಿಸಲಿಲ್ಲ. ಪ್ರಪಂಚಕ್ಕೆಲ್ಲ ಬಿಡಿಸಿ ಹೇಳಿದವನಿಗೆ ಈ ಒಬ್ಬಳಿಗೆ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

“ಒಂದೊಂದು ಸಲ ಒಂದೊಂದು ನಂಬರಿಂದ ಬರ್ತಿತ್ತು” ಎಂದಳು ಆಕೆ. “ಊರೂರು ಸುತ್ತುತಿದಾನೆ ಅಂದ್ಕೊಂಡೆ. ‘ಯಾವಾಗ್ಲೂ ಅದೇ ಮಾತಲ್ವೇನಮ್ಮಾ’ ಅಂತಿದ್ಲು ಮಗಳು. ಅವನು ಮೊದಲಿಂದ್ಲೂ ಮಾತು ಕಮ್ಮಿ ಅಂತ ಅವಳ ಬಾಯಿ ಮುಚ್ಚಿಸ್ತಿದ್ದೆ.”

ಬಾಯಿಗೆ ಬಂದ ‘ಅಕ್ಕಾ’ ಎಂಬುದನ್ನು ಅವನು ನುಂಗಿಕೊಂಡ. ಹಾಗೆ ಕರೆಯುವ ಮುಖ ತನಗೆಲ್ಲಿದೆ? “ತಪ್ಪಾಯ್ತು” ಎಂದಷ್ಟೇ ಹೇಳಿದ.

ಆಕೆ ಫೋನು ಕೈಗೆತ್ತಿಕೊಂಡಳು. “ನಾನು ಪ್ರತಿ ಸಲ ವಾಪಸ್ ಬರೀತಿದ್ನಲ್ಲ, ಅದೆಲ್ಲ ಯಾರಿಗೆ ಹೋಯ್ತು?”

ಆ ನಂಬರುಗಳಿರುವುದು ಕಳಿಸುವುದಕ್ಕೆ ಮಾತ್ರ. ತಿರುಗಿ ಬಂದದ್ದನ್ನು ಓದುವವರು ಯಾರೂ ಇಲ್ಲ. ಸುಳ್ಳು ಹೇಳಿಬಿಡೋಣವೆನ್ನಿಸಿತು, ಆದರೆ ಆಗಲೇ ಹೇಳಿದ್ದು ಸಾಕಾಗಿತ್ತು.

“ಯಾರಿಗೂ ಹೋಗಿಲ್ಲ.”

ಆಕೆ ಮತ್ತೆ ಹೊಲಿಗೆಯತ್ತ ತಿರುಗಿದಳು, ಯಂತ್ರದ ಪೆಡಲಿನ ಮೇಲಿದ್ದ ಕಾಲು ಮಾತ್ರ ಆಡಲಿಲ್ಲ.

“‘ತಪ್ಪು ನಂದೇ, ಬಾ’ ಅಂತ ಬರೆದಿದ್ದೆ” ಎಂದಳು. “ಹಾಗಾದ್ರೆ ಅವನು ಇನ್ನೂ ಅಕ್ಕನ ಸಿಟ್ಟು ಇಳಿದಿಲ್ಲ ಅಂದ್ಕೊಂಡೇ ಇದಾನೆ.”