ಸಮುದ್ರ ದಾಟಿ ಬಂದವರಿಗೆ ಗಂಜಿ

ಇಳಕಲ್ಲಿನ ಸೀರೆ ವ್ಯಾಪಾರಿ ಸುಭಾನಸಾಬರು ಹಜ್ ಮುಗಿಸಿ ಬಂದ ಮನೆಯಲ್ಲಿ ಹಬ್ಬ ನಡೆಯಬೇಕಿತ್ತು. ನಡೆದದ್ದು ಚೊಂಬಿನ ಓಡಾಟ. ಮುಂಬಯಿಯವರೆಗೆ ಹಡಗು, ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಎತ್ತಿನ ಚಕ್ಕಡಿ. ಇಷ್ಟೆಲ್ಲ ತಡೆದುಕೊಂಡ ಮನುಷ್ಯ ಮನೆಗೆ ಬಂದ ಎರಡನೇ ದಿನವೇ ಭೇದಿಯಿಂದ ನೆಲ ಹಿಡಿದರು. ಮೇಲಿಂದ ಮೂಗು ಕಟ್ಟಿ, ಹುಬ್ಬಿನ ಮೇಲೆ ಕಲ್ಲಿಟ್ಟಂಥ ನೋವು.

ಹೆಂಡತಿ ಬಿಬಿಜಾನಳ ವಿಚಾರ ಸರಳ. ಒಳಗೆ ನೀರು ಹೋದರಲ್ಲವೇ ಹೊರಗೆ ಬರುವುದು? ನೀರನ್ನೇ ನಿಲ್ಲಿಸಿಬಿಟ್ಟಳು. ಗಂಡ ಮೆಕ್ಕಾದಿಂದ ತಂದ ಪವಿತ್ರ ಝಮ್‌ಝಮ್ ನೀರು ಮಾತ್ರ ಹೊತ್ತಿಗೊಂದು ಚಮಚ. ಹಾಜಿಯ ಕೈ ಮುಟ್ಟಲು ಬಂದವರಿಗೂ ಅದೇ ಬಟ್ಟಲಿನಿಂದ ಒಂದೊಂದು ಗುಟುಕು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನೇಕಾರಗಿತ್ತಿ ಸಿದ್ದಲಿಂಗವ್ವ ಬಂದಳು. ರೋಗಿಯ ಗುಳಿಬಿದ್ದ ಕಣ್ಣು, ಒಣಗಿದ ತುಟಿ ನೋಡಿದಳು.

"ಅಣ್ಣಾವ್ರು ಒಂದಕ್ಕ ಯಾವಾಗ ಹೋಗಿದ್ರು?"

ಬಿಬಿಜಾನ ನಾಚಿ ಸೆರಗು ಎಳೆದುಕೊಂಡಳು. "ನಸುಕಿನ್ಯಾಗ ಒಂದೀಟು. ಆಮ್ಯಾಲೆ ಇಲ್ಲಕ್ಕಾ."

"ನೀರು ಕೊಟ್ಟೀಯಿಲ್ಲೋ?"

"ಕೊಟ್ರ ಮತ್ತಷ್ಟು ಭೇದಿ ಆಗ್ತದ."

"ಸಮುದ್ರ ದಾಟಿ ಬಂದವ್ರಿಗೆ ಮನ್ಯಾಗ ನೀರಿಲ್ಲದಂಗ ಮಾಡಿದಿ ನೋಡು. ಹೋದ ವರ್ಷ ನನ್ನ ಮಗಳಿಗೆ ನಾನೂ ಹಿಂಗ ಮಾಡಿದ್ದೆ. ಹುನಗುಂದ ದವಾಖಾನಿ ಡಾಕ್ಟರು ಬೈದು ಹೇಳಿದ್ರು, ಹೋದಷ್ಟು ನೀರು ತಿರುಗಿ ತುಂಬಬೇಕು, ಇಲ್ಲಂದ್ರ ಮನಷ್ಯಾ ಒಣಗಿ ಸಾಯ್ತಾನ ಅಂತ."

"ಝಮ್‌ಝಮ್ ಕೊಡಾಕತ್ತೇನಲ್ಲ?"

"ಅದನ್ನ ಭಕ್ತೀಲೆ ಕೊಡು, ಬ್ಯಾಡ ಅನ್ನಂಗಿಲ್ಲ. ಕುದಿಸಿ ಆರಿಸಿದ ನೀರೂ ಕೊಡು. ಅಣ್ಣಾವ್ರ ಬಟ್ಟಲ ಬ್ಯಾರೆ ಇಡು. ಮಧ್ಯಾಹ್ನದೊಳಗ ಒಂದಕ್ಕ ಆಗಲಿಲ್ಲಂದ್ರ ಹುನಗುಂದಕ್ಕ ಒಯ್ಯೂದ. ಚಕ್ಕಡಿ ಹೂಡಾಕ ಹೇಳ್ತೇನಿ."

ಚಕ್ಕಡಿ ಎಂದದ್ದೇ ಬಿಬಿಜಾನ ಎದ್ದು ಒಲೆಯ ಮೇಲೆ ನೀರಿಟ್ಟಳು. ಅವಳಿಗೆ ನಂಬಿಕೆ ಬಂದಿರಲಿಲ್ಲ, ಭಯ ಬಂದಿತ್ತು. ಸಿದ್ದಲಿಂಗವ್ವ ಅಕ್ಕಿಯ ತೆಳು ಗಂಜಿ ಕಾಯಿಸಿ ಚಿಟಿಕೆ ಉಪ್ಪು ಹಾಕಿದಳು. "ಗಂಜಿ ಕುಡಿಸದ ನೂಲು ಮಗ್ಗದಾಗ ಪಟ್ಟನ ಹರೀತದ. ಸೀರಿ ಮಾರೂ ಮನಿಯಾಕಿ ನೀ, ನಿನಗ ನಾ ಹೇಳಬೇಕಾ?" ಎಂದು ಕೆಣಕಿದಳು. ಬಿಬಿಜಾನ ಕೈ ತೊಳೆದು ಗುಟುಕು ಗುಟುಕಾಗಿ ಕುಡಿಸತೊಡಗಿದಳು. ನಡುವೆ ಒಮ್ಮೆ ವಾಂತಿಯಾಯಿತು. ತುಸು ಹೊತ್ತು ತಡೆದು ಮತ್ತೆ ಕುಡಿಸಿದಳು. ಬಿಸಿನೀರಿನ ಹಬೆ ಹಿಡಿದಾಗ ಹಾಜಿಯವರು ಎರಡು ಸಲ ಜೋರಾಗಿ ಸೀನಿದರು. ಕಟ್ಟಿದ ಮೂಗು ಬಿಟ್ಟು ತಲೆ ಹಗುರಾಯಿತು.

ಹೊತ್ತು ನೆತ್ತಿಗೆ ಬಂತು. ಬಾಗಿಲಲ್ಲಿ ಎತ್ತಿನ ಗಂಟೆ ಕೇಳಿಸಿತು. ಬಿಬಿಜಾನ ಅಳುತ್ತ ಚಕ್ಕಡಿಯಲ್ಲಿ ಹಾಸಲು ಕೌದಿ ಮಡಚುತ್ತಿದ್ದಳು.

"ಬಿಬಿಜಾನ, ಚೊಂಬು ತಾ," ಸುಭಾನಸಾಬರ ಬತ್ತಿದ ದನಿ. "ಒಂದಕ್ಕ ಹೋಗಬೇಕು."

ಹಜ್‌ನಿಂದ ಗಂಡ ಬಾಗಿಲಿಗೆ ಬಂದು ನಿಂತ ದಿನವೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಸಿದ್ದಲಿಂಗವ್ವ ಹೊರಗೆ ಹೋಗಿ ಚಕ್ಕಡಿಯವನಿಗೆ, "ಎತ್ತು ಬಿಚ್ಚಪಾ, ಆದ್ರ ದೂರ ಹೋಗಬ್ಯಾಡ," ಎಂದಳು.

ಓದುವ ಅಣ್ಣ ಅಕ್ಕಂದಿರೇ, ನಿಮ್ಮ ಮನೆಗೂ ದೂರದೇಶದಿಂದ ಯಾರಾದರೂ ಬಂದಾರು. ಭೇದಿಯಾದರೆ ನೀರು ನಿಲ್ಲಿಸಬೇಡಿ. ಈಗ ಓಆರ್‌ಎಸ್ ಪೊಟ್ಟಣ ಸಿಗುತ್ತದೆ, ಅದನ್ನು ಕೊಡಿ. ರಕ್ತ ಬಿದ್ದರೆ, ಜ್ವರ ಏರಿದರೆ, ಮೂಗು ಕಟ್ಟಿದವರಿಗೆ ಕಣ್ಣಿನ ಸುತ್ತ ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ದೇಶದಿಂದ ಬಂದರೆಂದು ಡಾಕ್ಟರಿಗೆ ಹೇಳಿ. ಮತ್ತೆ, ಒಂದಕ್ಕೆ ಹೋದಿರಾ ಎಂದು ಕೇಳಲು ನಾಚಬೇಡಿ.