ಅಳು ನಿಂತ ಮೂರನೇ ದಿನ

"ಕಲೀನಾ ಅಳೋದು ನಿಂತೋಯ್ತು ವರ್ನಾ. ನಾಳೆ ಬರಲ್ಲ ಅಂತ ಹೇಳೋಕೆ ಫೋನ್ ಮಾಡ್ದೆ," ಎಂದ ಒರೆಸ್ಟ್. ಪಂದ್ಯ ಗೆದ್ದವನ ದನಿ.

ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಮಕ್ಕಳ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುತ್ತ ಬಂದವಳು ವರ್ನಾ. ಅಳುವ ಮಗುವಿಗೆ ಹೆದರುವವಳಲ್ಲ. ಆದರೆ ಪ್ಲಾಸ್ಟರಿನೊಳಗೆ ಒಂದೇ ಜಾಗ ನೋಯುತ್ತದೆ ಎಂದು ಎರಡು ದಿನ ಅತ್ತು, ಮೂರನೇ ದಿನ ತಾನಾಗಿ ಸುಮ್ಮನಾದ ಮಗುವೆಂದರೆ ಅವಳಿಗೆ ದಿಗಿಲು. ಒಳಗೆ ಏನಾದರೂ ಒತ್ತಿ ಚರ್ಮ ಸಾಯತೊಡಗಿದರೆ ನೋವೂ ಅದರ ಜೊತೆಗೇ ಸಾಯುತ್ತದೆ.

"ನಾಳೆ ಅಲ್ಲ, ಈಗ್ಲೇ ಕರ್ಕೊಂಡ್ ಬನ್ನಿ."

"ಅಂಗಳಕ್ಕೆ ಐಸ್ ಕಟ್ತಾ ಇದೀನಿ ಕಣಮ್ಮಾ. ಶನಿವಾರ ಮ್ಯಾಚು."

"ಹೊರಗೆ ಮೈನಸ್ ಮೂವತ್ತಿದೆ. ನಿಮ್ ಐಸು ಎಲ್ಲೂ ಓಡೋಗಲ್ಲ."

ಊರಿನ ಹಾಕಿ ಅಂಗಳಕ್ಕೆ ಐಸು ಕಟ್ಟುವವನು ಒರೆಸ್ಟ್. ಬಿದ್ದರೆ ಎದ್ದು ಆಡು, ಗೊಣಗಬೇಡ ಎನ್ನುವ ಜಾತಿಯವನು. ಮೊಮ್ಮಗಳು ಕಲೀನಾಗೆ ಎಂಟು ವರ್ಷ. ಕಳೆದ ವಾರ ಅವಳು ಕಾಲು ಮುರಿದುಕೊಂಡದ್ದೂ ಅವನ ಐಸಿನ ಮೇಲೆಯೇ.

ಮುಕ್ಕಾಲು ಗಂಟೆಯಲ್ಲಿ ಅವಳನ್ನು ಹೊತ್ತು ತಂದ. ಪ್ಲಾಸ್ಟರಿನ ತುಂಬ ತಂಡದ ಹುಡುಗಿಯರ ಸಹಿಗಳು. ವರ್ನಾ ಕಾಲ್ಬೆರಳು ಮುಟ್ಟಿ ನೋಡಿದಳು. ಬೆಚ್ಚಗಿದ್ದವು, ಅಲುಗಾಡಿದವು. ಮೇಲಿನ ಅಂಚಿಗೆ ಮೂಗಿಟ್ಟು ಮೂಸಿದಳು. ಕೊಳೆತ ವಾಸನೆ ಇನ್ನೂ ಇರಲಿಲ್ಲ.

"ಒಳಗೆ ಏನಾದ್ರೂ ತೂರ್ಸಿದ್ಯಾ ಪುಟ್ಟೀ? ಕೆರ್ಕೊಳ್ಳೋಕೆ ಪೆನ್ಸಿಲ್ಲು, ಕಡ್ಡಿ?"

ಕಲೀನಾ ತುಟಿ ಬಿಗಿದುಕೊಂಡು ಇಲ್ಲವೆಂದು ತಲೆಯಾಡಿಸಿದಳು. ಒರೆಸ್ಟ್ ತನ್ನ ಬೂಟು ನೋಡಿಕೊಳ್ಳುತ್ತ ನಿಂತಿದ್ದ.

ವರ್ನಾ ಪ್ಲಾಸ್ಟರ್ ಕೊಯ್ಯುವ ಗರಗಸ ಎತ್ತಿಕೊಂಡಳು. ಅದರ ಅಲಗು ನಡುಗುತ್ತದೆಯೇ ಹೊರತು ಚರ್ಮ ಕೊಯ್ಯುವುದಿಲ್ಲ ಎಂದು ತನ್ನ ಅಂಗೈಗೆ ಇಟ್ಟು ತೋರಿಸಿದಳು. ಕೊಯ್ಯದಿದ್ದರೂ ಬಿಸಿಯೇರಿ ಸುಡುತ್ತದೆ ಎಂಬುದನ್ನು ಮಗುವಿಗೆ ಹೇಳಲಿಲ್ಲ. ಎರಡು ಅಂಗುಲ ಕೊಯ್ದು, ನಿಲ್ಲಿಸಿ, ಅಲಗಿಗೆ ಬೆರಳಿಟ್ಟು, ಆರಿದ ಮೇಲೆ ಮತ್ತೆ ಎರಡು ಅಂಗುಲ. ಒಳಗೆ ಏನಾಗಿದೆಯೋ ಎಂದು ಜೀವ ಹೊಡೆದುಕೊಳ್ಳುತ್ತಿದ್ದರೂ ಕೈ ಅವಸರಪಡುವಂತಿರಲಿಲ್ಲ.

"ಬೇಗ ಮಾಡ್ಬಾರ್ದಾ?" ಎಂದ ಒರೆಸ್ಟ್.

"ನಿಮ್ ಐಸನ್ನ ನಾನು ಬೇಗ ಕಟ್ಟಿ ಅಂತೀನಾ? ಸುಮ್ನಿರಿ."

ಪ್ಲಾಸ್ಟರ್ ಎರಡು ಹೋಳಾಯಿತು. ವರ್ನಾ ಹತ್ತಿ ಸರಿಸಿದಳು. ಕಾಲ್ಗಂಟಿನ ಮೂಳೆಯ ಮೇಲೆ ಹೊಂಬಣ್ಣದ ಡಾಲರ್ ನಾಣ್ಯ ಚರ್ಮಕ್ಕೆ ಅಂಟಿಕೊಂಡು ಕೂತಿತ್ತು.

ಯಾರದೆಂದು ಕೇಳಬೇಕಾಗಿರಲಿಲ್ಲ. ಪ್ರತಿ ಚಳಿಗಾಲ ಅಂಗಳದ ನಟ್ಟನಡುವೆ, ಐಸಿನಡಿಯಲ್ಲಿ, ಒರೆಸ್ಟ್ ಅದೃಷ್ಟಕ್ಕೆಂದು ಇಂಥದೇ ಒಂದು ಡಾಲರ್ ನಾಣ್ಯ, ಲೂನಿ, ಹೂಳುತ್ತಾನೆ. ಬಾಯಿಬಿಟ್ಟರೆ ಅದೃಷ್ಟ ಕೆಡುತ್ತದಂತೆ. ಹಾಗಾಗಿ ಇಡೀ ಊರಿಗೆ ಗೊತ್ತಿದ್ದೂ ಯಾರೂ ಆ ಮಾತೆತ್ತುವುದಿಲ್ಲ.

"ಮೇಲಿನ ಅಂಚಲ್ಲಿ ತೂರ್ಸ್ದೆ, ಅಲ್ಲೇ ನಿಲ್ಲುತ್ತೆ ಅಂದ್ಕೊಂಡಿದ್ದೆ," ಎಂದ. "ಬೇಗ ವಾಸಿ ಆಗ್ಲಿ ಅಂತ."

"ಎರಡು ದಿನ ಅತ್ತಾಗ್ಲೂ ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ವರ್ನಾಗೆ ಸಿಟ್ಟು ನೆತ್ತಿಗೇರಿತ್ತು.

ನಾಣ್ಯ ಎತ್ತಿದಳು. ಅದರಡಿಯಲ್ಲಿ ದುಂಡನೆಯ ಕೆಂಪು, ನಡುವೆ ನೇರಳೆ. ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಬಿಟ್ಟಳು. ಬಿಳಿಚಿ ಮತ್ತೆ ಕೆಂಪಾಯಿತು; ಅಲ್ಲಿ ರಕ್ತ ಓಡುತ್ತಿತ್ತು. ನಡುವೆ ಒತ್ತಿದಳು. ಬಣ್ಣ ಕದಲಲಿಲ್ಲ. ಡಾಕ್ಟರಿಗೆ ಹೇಳಿ ಕಳಿಸಿ, ಗಡಿಯಾರ ನೋಡುತ್ತ ಕೂತಳು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದಾಗ ನೇರಳೆಯೂ ನಿಧಾನವಾಗಿ ಬಿಳಿಚಿತು, ನಿಧಾನವಾಗಿ ಕೆಂಪೇರಿತು. ಬಟಾಣಿಯಷ್ಟು ಜಾಗ ಮಾತ್ರ ಹಾಗೇ ಉಳಿಯಿತು.

"ಬಟಾಣಿಯಷ್ಟು ಚರ್ಮ ಹೋಯ್ತು, ಕಲೆ ಉಳಿಯುತ್ತೆ," ಎಂದಳು. "ಇನ್ನೊಂದು ವಾರ ಬಿಟ್ಟಿದ್ರೆ ಮೂಳೆ ಕಾಣ್ತಿತ್ತು."

ಒರೆಸ್ಟ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. ಕಲೀನಾ ಅವನ ತೋಳು ಜಗ್ಗಿದಳು. ಅಜ್ಜನನ್ನು ಅವಳು ಗೀದೊ ಎಂದೇ ಕರೆಯುವುದು.

"ಗೀದೊ, ನಾನು ಬಾಯಿಬಿಡ್ಲಿಲ್ಲ. ನಾಣ್ಯ ಎಷ್ಟು ಒತ್ತಿದ್ರೂ ಅಳೋದ್ಯಾಕೆ ಅಂತ ಹೇಳ್ಲಿಲ್ಲ. ಅವ್ರೇ ಕಂಡುಹಿಡಿದ್ರು. ಅದೃಷ್ಟ ಕೆಟ್ಟಿಲ್ಲ ಅಲ್ವಾ?"

ಊರಿನ ಮಕ್ಕಳಿಗೆಲ್ಲ ಅಳಬೇಡಿ ಎಂದು ಕಲಿಸಿದವನು ಆ ಪುಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟ.

"ಇನ್ಮೇಲೆ ನೋವಾದ್ರೆ ಕಿರುಚು," ಎಂದ. "ಊರಿಗೆಲ್ಲ ಕೇಳೋ ಹಾಗೆ ಕಿರುಚು, ಕಂದ."